ವೃದ್ಧರ ಆರೈಕೆಯ ಲೆಕ್ಕ

ಮನೆಯ ಹಿರಿಯರ ವಿಷಯವು ಮಾತಿಗೆ ಬಂದಾಗಲೆಲ್ಲ, ಸಿರಿವಂತ ದೇಶದವರು ಹೆತ್ತವರನ್ನು ಆಶ್ರಮಗಳಿಗೆ ನೂಕಿ ನಿಶ್ಚಿಂತರಾಗಿರುವರೆಂದೂ, ನಾವಾದರೋ ಮಾತಾಪಿತೃಗಳ ಸೇವೆಯನ್ನೇ ಧರ್ಮವೆಂದು ಬಗೆದವರೆಂದೂ ಹೇಳಿ ತೃಪ್ತಿಪಡುವುದು ನಮ್ಮಲ್ಲಿ ವಾಡಿಕೆ. ಈ ಹೋಲಿಕೆಯು ನಮಗೆ ಸರಿದೋರುವುದಿಲ್ಲ. ಐಶ್ವರ್ಯದಲ್ಲಿ ಬಹುದೂರ ಮುಂದುವರಿದೂ ಹಿರಿಯರ ಸೇವೆಯು ಕುಲಧರ್ಮವೆಂದು ನಮ್ಮಷ್ಟೇ ನಂಬಿದ ದೇಶವೊಂದುಂಟು, ಅದು ಜಪಾನು. ಆ ಧರ್ಮವನ್ನು ಅಲ್ಲಿ ಯಾರ ಕೈಗಳು ನಡೆಯಿಸುತ್ತಿದ್ದುವು, ಆ ಕೈಗಳು ಸೋತಾಗ ಸರಕಾರವು ಏನು ಮಾಡಿತು ಎಂಬುದನ್ನು ಈ ತಿಂಗಳು ವಾಚಕರ ಮುಂದಿಡುವೆವು.

ಜಪಾನಿನಲ್ಲಿ ಹಿರಿಯ ಮಗನ ಹೆಂಡತಿಯೇ ಅತ್ತೆಮಾವಂದಿರ ಶುಶ್ರೂಷೆಗೆ ಹೊಣೆಯೆಂಬುದು ಹಿಂದಿನಿಂದ ಬಂದ ಕಟ್ಟು. 1972ರಲ್ಲಿ ಅರಿಯೋಶಿ ಸವಾಕೊ ಎಂಬ ಲೇಖಕಿಯು ಪ್ರಕಟಿಸಿದ ಕಾದಂಬರಿಯಲ್ಲಿ, ಬುದ್ಧಿಭ್ರಮಣೆಗೊಳಗಾದ ಮಾವನನ್ನು ಉದ್ಯೋಗಸ್ಥೆಯಾದ ಸೊಸೆಯು ನೋಡಿಕೊಳ್ಳುವ ಬವಣೆಯೇ ಕಥಾವಸ್ತು. ಅದರ ಪ್ರತಿಗಳು ಹತ್ತು ಲಕ್ಷಕ್ಕೂ ಮೇಲ್ಪಟ್ಟು ಮಾರಾಟವಾದುವು. ತಮ್ಮ ಮನೆಯ ಕಥೆಯನ್ನೇ ಅದರಲ್ಲಿ ಕಂಡವರು ಬಹುಮಂದಿ ಇದ್ದಿರಬೇಕು. ಮರುವರ್ಷ 70 ದಾಟಿದವರಿಗೆ ವೈದ್ಯವು ಉಚಿತವಾಯಿತು. ಆಗ, ಮನೆಯಲ್ಲಿ ನೋಡಿಕೊಳ್ಳಲಾಗದ ವೃದ್ಧರನ್ನು ಆಸ್ಪತ್ರೆಗೆ ಸೇರಿಸಿ, ಚಿಕಿತ್ಸೆಯ ಅಗತ್ಯವಿರಲಿ ಇಲ್ಲದಿರಲಿ, ತಿಂಗಳುಗಟ್ಟಲೆ ಅಲ್ಲಿಯೇ ಇರಿಸುವ ರೂಢಿ ಬೆಳೆಯಿತು. ಬೊಕ್ಕಸಕ್ಕೆ ಅದು ಭಾರ, ವೃದ್ಧರಿಗೂ ಸುಖವಲ್ಲ.

ಇದಕ್ಕೆ ಪರಿಹಾರವಾಗಿ 1997ರಲ್ಲಿ ಆರೈಕೆಯ ವಿಮೆಯ ಕಾಯಿದೆಯು ಅಂಗೀಕೃತವಾಗಿ, 2000ನೆಯ ಇಸವಿಯ ಏಪ್ರಿಲಿನಿಂದ ಜಾರಿಗೆ ಬಂದಿತು. 40 ವರ್ಷ ತುಂಬಿದವರೆಲ್ಲರೂ ಇದಕ್ಕೆ ಕಂತು ಕಟ್ಟತಕ್ಕದ್ದು. ವೆಚ್ಚದ ಅರ್ಧವು ಕಂತುಗಳಿಂದ, ಉಳಿದರ್ಧವು ತೆರಿಗೆಗಳಿಂದ. ಸೇವೆಯನ್ನು ಪಡೆದವರು ಬೆಲೆಯ ಹತ್ತರಲ್ಲೊಂದು ಪಾಲನ್ನು ತೆರುವರು. ವರಮಾನ ಹೆಚ್ಚಿದ್ದವರು ಎರಡು ಇಲ್ಲವೆ ಮೂರು ಪಾಲು. ಗೃಹಿಣಿಯರಿಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಯೋಗ್ಯತೆಯನ್ನು ನಿರ್ಣಯಿಸುವ ಕ್ರಮ. ಊರಾಡಳಿತದಿಂದ ಒಬ್ಬರು ಮನೆಗೆ ಬಂದು 74 ಅಂಶಗಳನ್ನು ಪರಿಶೀಲಿಸುವರು: ಹಾಸಿಗೆಯಲ್ಲಿ ಮಗ್ಗುಲಾಗಬಲ್ಲರೇ, ಒಂಟಿಕಾಲಲ್ಲಿ ನಿಲ್ಲಬಲ್ಲರೇ, ತುತ್ತು ನುಂಗಬಲ್ಲರೇ, ತಮ್ಮ ಹೆಸರನ್ನು ಹೇಳಬಲ್ಲರೇ, ಹೊರಹೋದರೆ ದಾರಿ ತಪ್ಪುವರೇ. ಇವುಗಳಿಂದ ದಿನವೊಂದಕ್ಕೆ ಎಷ್ಟು ನಿಮಿಷಗಳ ಆರೈಕೆ ಬೇಕೆಂದು ಅಂದಾಜು ಕಟ್ಟುವರು. 25 ನಿಮಿಷಕ್ಕೆ ಕೆಳಗಿನ ದರ್ಜೆ, 110 ನಿಮಿಷಕ್ಕೆ ಮೇಲ್ಪಟ್ಟರೆ ಅತ್ಯುಚ್ಚ ದರ್ಜೆ, ಒಟ್ಟು ಏಳು. ಈ ನಿಮಿಷಗಳು ಅಳತೆಗಾಗಿ ಮಾತ್ರ. ನಿಜವಾಗಿ ಮನೆಯಲ್ಲಿ ಸವೆಯುವ ಹೊತ್ತು ಇದಕ್ಕಿಂತ ಎಷ್ಟೋ ಹೆಚ್ಚೆಂಬುದನ್ನು ಅನುಭವಸ್ಥರಿಗೆ ಹೇಳಬೇಕಾದುದಿಲ್ಲ. ಆದರೂ ಎಣಿಕೆಗೇ ಸಿಗದಿದ್ದ ದುಡಿಮೆಯೊಂದು ಎಣಿಕೆಗೆ ಬಂದಿತಲ್ಲ, ಅದು ಸಣ್ಣ ಸಂಗತಿಯಲ್ಲ.

ಇನ್ನೊಂದು ವಿಚಾರವುಂಟು. 1995ರಲ್ಲಿ ಇಂಥದೇ ವಿಮೆಯನ್ನು ಆರಂಭಿಸಿದ ಜರ್ಮನಿಯು, ಸೇವೆ ಬೇಡವೆಂದವರಿಗೆ ಅದಕ್ಕಿಂತ ಕಡಮೆಯಾದ ಮೊತ್ತವನ್ನು ನಗದಾಗಿ ಕೊಡುತ್ತದೆ. ಮನೆಯಲ್ಲಿ ಶುಶ್ರೂಷೆ ಮಾಡುವವರ ನಿವೃತ್ತಿವೇತನಕ್ಕೂ ವಿಮೆಯಿಂದ ಹಣ ಸಲ್ಲುತ್ತದೆ. ಜಪಾನಿನಲ್ಲಿ ಹಿಗುಚಿ ಕೇಯಿಕೊ ಮೊದಲಾದ ಮಹಿಳೆಯರು ನಗದನ್ನು ವಿರೋಧಿಸಿದರು. ಹಣವು ಮನೆಯ ಖರ್ಚಿನಲ್ಲಿ ಕರಗಿಹೋಗುವುದು, ಸೊಸೆಯು ಮೊದಲಿನಂತೆಯೇ ಹಾಸಿಗೆಯ ಬಳಿ ಉಳಿಯುವಳು, ಈಗ ಹಣ ಬರುತ್ತಿದೆಯಲ್ಲ ಎಂಬ ಮಾತೂ ಕೇಳಬೇಕಾಗುವುದು ಎಂಬುದು ಅವರ ಭಯ. ಅವರ ಮಾತೇ ನಿಂತಿತು; ಅಲ್ಲಿ ದೊರೆಯುವುದು ಸೇವೆ, ನಾಣ್ಯವಲ್ಲ. ಎರಡರಲ್ಲಿ ಯಾವುದು ಮೇಲೆಂದರೆ, ನಮ್ಮ ಒಲವು ಜಪಾನೀ ಮಹಿಳೆಯರ ಕಡೆಗೆ.

ಹಾಗೆಂದು ಅಲ್ಲಿ ಎಲ್ಲವೂ ನೆಟ್ಟಗಾಯಿತೆಂದು ಭಾವಿಸಲಾಗದು. ವೃದ್ಧರ ಆರೈಕೆಗಾಗಿ ವರ್ಷಕ್ಕೆ ಸುಮಾರು ಒಂದು ಲಕ್ಷ ಮಂದಿ ಈಗಲೂ ಕೆಲಸ ಬಿಡುತ್ತಾರೆ. ದುಡಿಯುವ ಕೈಗಳು ಸಾಲದೆ 2008ರಿಂದ ಇಂಡೋನೇಷ್ಯ, ಅನಂತರ ಫಿಲಿಪ್ಪೀನ್ಸ್, ವಿಯೆಟ್ನಾಮುಗಳಿಂದ ಶುಶ್ರೂಷಕರನ್ನು ಕರೆಯಿಸಿಕೊಳ್ಳಬೇಕಾಯಿತು. ಬಡ ದೇಶಗಳ ಹೆಣ್ಣುಮಕ್ಕಳು ಹೀಗೆ ಸಿರಿವಂತರ ಮುದುಕರನ್ನು ನೋಡಿಕೊಳ್ಳುವಾಗ, ಅವರ ತಾಯ್ತಂದೆಗಳ ಬಳಿ ಯಾರಿರುವರು?

ನಮ್ಮ ದೇಶಕ್ಕೆ ಬರೋಣ. 2011ರ ಜನಗಣತಿಯಂತೆ 60 ದಾಟಿದವರು 10 ಕೋಟಿಗೂ ಹೆಚ್ಚು. 2007ರ ಹಿರಿಯ ನಾಗರಿಕರ ಕಾಯಿದೆಯು, ಮಕ್ಕಳಿಂದ ಜೀವನಾಂಶ ದೊರಕಿಸುವ ನ್ಯಾಯಮಂಡಲಿಗಳನ್ನು ಏರ್ಪಡಿಸಿತು; ಹೆತ್ತವರನ್ನು ತೊರೆದವರಿಗೆ ಮೂರು ತಿಂಗಳ ಸೆರೆವಾಸವನ್ನೂ ವಿಧಿಸಬಹುದೆಂದಿತು. ಬಡವೃದ್ಧರಿಗೆ ಕೇಂದ್ರವು ತಿಂಗಳಿಗೆ ಕೊಡುವುದು 200 ರೂಪಾಯಿ, 80 ದಾಟಿದವರಿಗೆ 500. ರಾಜ್ಯಗಳು ಅದಕ್ಕೆ ತಮ್ಮ ಪಾಲನ್ನು ಸೇರಿಸುವುವು. 2024ರಲ್ಲಿ 70 ದಾಟಿದವರೆಲ್ಲರಿಗೂ ಐದು ಲಕ್ಷದವರೆಗಿನ ಆಸ್ಪತ್ರೆಯ ವಿಮೆಯನ್ನು ಕೇಂದ್ರವು ಸಾರಿತು. ಒಳ್ಳೆಯದೇ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸ್ನಾನ ಮಾಡಿಸುವವರು, ರಾತ್ರಿ ಎರಡು ಬಾರಿ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವವರು ಯಾರು? 2007ರ ಕಾಯಿದೆಯು ಹೆಸರಿಸುವ ಹೊಣೆಗಾರರು ಮಗ, ಮಗಳು, ಮೊಮ್ಮಕ್ಕಳು, ಮಕ್ಕಳಿಲ್ಲದವರಿಗೆ ಆಸ್ತಿಗೆ ಬಾಧ್ಯರಾದ ಬಂಧುಗಳು, ಸೊಸೆಯ ಹೆಸರಿಲ್ಲ. 2019ರ ತಿದ್ದುಪಡಿ ಮಸೂದೆಯೊಂದು ಆಕೆಯನ್ನೂ ಅಳಿಯನನ್ನೂ ಹೊಣೆಗಾರರ ಸಾಲಿಗೆ ಸೇರಿಸಹೊರಟಿತ್ತು. ಆಕೆಯ ದುಡಿಮೆಯಲ್ಲಿ ಪಾಲುಗೊಳ್ಳಲು ಅಲ್ಲ! ಅದು ಕಾಯಿದೆಯಾಗಲಿಲ್ಲ.

ಜಪಾನಿನ ದ್ರವ್ಯಬಲ ನಮಗಿಲ್ಲ. ನಿಯತವಾಗಿ ಸಂಬಳದಿಂದ ಕಂತು ಹಿಡಿಯೋಣವೆಂದರೆ ನಮ್ಮ ಬಹುಜನರಿಗೆ ನಿಯತವಾದ ಸಂಬಳವೇ ಇಲ್ಲ. ಆದುದರಿಂದ ಅಲ್ಲಿನ ವಿಮೆಯನ್ನು ಹಾಗೆಯೇ ಇಲ್ಲಿ ನೆಡಲಾಗದು. ಆದರೆ ಹಣದ ಕೊರತೆಯನ್ನು ಮುಂದೊಡ್ಡಿ ಸುಮ್ಮನಿರಬೇಕಾದುದೂ ಇಲ್ಲ. ನೆರೆಯ ಕೇರಳದಲ್ಲಿ, 1993ರಲ್ಲಿ ಕೋಳಿಕ್ಕೋಡಿನ ಕೆಲವು ವೈದ್ಯರು ನೋವು ಶಮನಗೊಳಿಸುವ ಚಿಕಿತ್ಸಾಲಯವೊಂದನ್ನು ತೆರೆದರು. ಅದು ಬೆಳೆದು, ನೆರೆಹೊರೆಯವರೇ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿಬರುವ ವ್ಯವಸ್ಥೆಯಾಯಿತು. 2008ರಲ್ಲಿ ರಾಜ್ಯವು ಅದನ್ನು ತನ್ನ ನೀತಿಯನ್ನಾಗಿ ಸ್ವೀಕರಿಸಿ, ಪಂಚಾಯಿತಿಗಳಿಗೆ ಅದರಲ್ಲಿ ಹೊಣೆ ವಹಿಸಿತು. ಕಾಸರಗೋಡಿನ ಕನ್ನಡಿಗರ ಮನೆಗಳೂ ಈ ಏರ್ಪಾಡಿನ ವ್ಯಾಪ್ತಿಗೆ ಸೇರಿವೆ. ದಾದಿಯು ಮನೆಗೆ ಬಂದು ಹಾಸಿಗೆಹುಣ್ಣನ್ನು ತೊಳೆದು ಕಟ್ಟುವಳು, ಮೂತ್ರದ ನಳಿಗೆಯನ್ನು ಬದಲಾಯಿಸುವಳು, ಬೆನ್ನು ನೋಯದಂತೆ ರೋಗಿಯನ್ನು ಮಗ್ಗುಲಿಗೆ ಹೊರಳಿಸುವ ಬಗೆಯನ್ನು ಮನೆಯವರಿಗೆ ಕಲಿಸುವಳು. ಅತ್ತೆಯವರ ಊಟೋಪಚಾರವನ್ನು ಕೇಳಿದ ಬಳಿಕ, ನೀನು ರಾತ್ರಿ ನಿದ್ರೆ ಮಾಡುತ್ತೀಯೇನಮ್ಮ ಎಂದು ಸೊಸೆಯನ್ನು ಕೇಳಲು ಅವಳಿಗೆ ಅವಕಾಶವಿರುತ್ತದೆ.