ದೇವರನ್ನು ಎತ್ತಿಡಬಹುದು, ಮರವನ್ನಲ್ಲ

ದೀಪಾವಳಿ ರಜೆ ಮುಗಿಸಿ ಬಂದ ಎಂಟನೇ ತರಗತಿಯ ಮಕ್ಕಳಿಗೆ ‘ನಾನು ಕಂಡ ಕಾಡು’ ಎಂಬ ಪ್ರಬಂಧ ಬರೆಯಲು ಕೊಟ್ಟೆ. ತಪ್ಪು ನನ್ನದೇ. ಸುತ್ತ ತೊಗರಿ, ಸೋಯಾ, ಕಬ್ಬು ಬಿಟ್ಟರೆ ಬೋಳು ಕೆಂಪು ಗುಡ್ಡ ಕಾಣುವ ಹುಮನಾಬಾದ್ ಕಡೆಯ ಮಕ್ಕಳು ಕಾಡನ್ನು ಎಲ್ಲಿ ಕಾಣಬೇಕು? ಬಹಳ ಮಂದಿ ಗೈಡ್ ನೋಡಿ ‘ಕಾಡು ನಾಡಿನ ಸಂಪತ್ತು’ ಎಂದು ಶುರು ಮಾಡಿ ಒಂದು ಪುಟಕ್ಕೆ ಮುಗಿಸಿದ್ದರು. ಒಬ್ಬ ಹುಡುಗಿ ಮಾತ್ರ ನಾಲ್ಕು ಪುಟ ಬರೆದಿದ್ದಳು. ಅವಳ ಕಾಡಿನಲ್ಲಿ ಬೆಳ್ಳಿ ಬಣ್ಣದ ಕಾಂಡದ, ಬಂಗಾರದ ಎಲೆಯ ಮರಗಳಿದ್ದವು. ಆ ಮರಗಳ ಮೇಲೆ ಮನೆ, ಕೊಂಬೆ ಕೊಂಬೆಗೆ ದೀಪ. ಅಲ್ಲಿ ಇರುವವರು ಚೂಪು ಕಿವಿಯ, ಸಾವಿಲ್ಲದ ಜನ. ಹೆಸರು ಎಲ್ಫ್.

ಅಣ್ಣನ ಮೊಬೈಲಿನಲ್ಲಿ ಹಿಂದಿಗೆ ಡಬ್ ಆದ ಸಿನಿಮಾ ನೋಡಿದ್ದಳಂತೆ. ಕತೆ ನನಗೆ ಗೊತ್ತಿತ್ತು, ಏಕೆಂದರೆ ಬೆಂಗಳೂರಿನಲ್ಲಿ ಓದುವ ನನ್ನ ಮಗಳ ತಲೆದಿಂಬಿನ ಪಕ್ಕ ಆ ದಪ್ಪ ಪುಸ್ತಕ ಸದಾ ಇರುತ್ತದೆ. ಟೋಲ್ಕಿನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’, 1954-55ರಲ್ಲಿ ಬಂದದ್ದು. ಅದರಲ್ಲಿ ಬರುವ ಲೊಥ್ಲೋರಿಯನ್ ಎಂಬ ಕಾಡನ್ನೇ ನಮ್ಮ ಹುಡುಗಿ ಕನ್ನಡಕ್ಕೆ ತಂದಿದ್ದಳು. ಕಾಗುಣಿತ ತಿದ್ದಿ ಹತ್ತಕ್ಕೆ ಒಂಬತ್ತು ಕೊಟ್ಟು ಕೇಳಿದೆ: “ನಿಮ್ಮೂರಾಗ ಇಂಥಾ ಗಿಡ ಒಂದೂ ಇಲ್ಲೇನ?”

“ಇಲ್ರಿ ಮಿಸ್. ನಮ್ಮೂರಾಗ ಬರೀ ಬೇವಿನ ಗಿಡ ಅದಾವ್ರಿ.”

ನಮ್ಮ ಕಡೆ ಮರ ಎನ್ನುವುದಿಲ್ಲ. ಊರಿಗೆಲ್ಲ ನೆರಳು ಕೊಡುವ ಆಲವಾದರೂ ಅದು ಆಲದ ಗಿಡವೇ. ಮೈಸೂರು ಕಡೆಯವರು ನಗುತ್ತಾರೆ, ನಗಲಿ. ನನ್ನ ಕಿವಿ ಚುಚ್ಚಿದ್ದು ಆ ‘ಬರೀ’ ಎಂಬ ಮಾತು.

ನನ್ನದು ಬಸವಕಲ್ಯಾಣ, ಶಾಲೆ ಇರುವುದು ಹುಮನಾಬಾದ್ ಕಡೆ. ಹತ್ತೊಂಬತ್ತು ವರ್ಷದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ಕಿಟಕಿ ಪಕ್ಕ ಕೂತವಳಿಗೆ ಹಾದಿಯ ಗಿಡಗಳು ಸಹಪ್ರಯಾಣಿಕರ ಹಾಗೆ ಪರಿಚಯವಾಗುತ್ತವೆ. ಅದರಲ್ಲಿ ಒಂದು, ಒಂದು ಊರಿಗೆ ತಿರುಗುವ ಫಾಟಾದ ಬೇವು. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯ ಜನ ದಿನಾ ನನ್ನ ಜತೆ ಬಸ್ ಹತ್ತುವವರು. ಬೇವಿನ ಬುಡದಲ್ಲಿ ಕುಂಕುಮ ಮೆತ್ತಿದ ಮರಗಮ್ಮನ ಕಲ್ಲು, ಹಸಿರು ಬಳೆ, ಕೂಸು ಬೇಡಿಕೊಂಡವರು ಕಟ್ಟಿದ ಅಂಗೈಯಗಲದ ತೊಟ್ಟಿಲುಗಳು. ಬಸ್ ನಿಂತಾಗ ಕಂಡಕ್ಟರ್ ಕೂಡ ಎದೆ ಮುಟ್ಟಿಕೊಳ್ಳುತ್ತಿದ್ದ.

ರಸ್ತೆ ಅಗಲ ಮಾಡುವ ಕೆಲಸ ಅಲ್ಲಿಗೆ ಬಂತು. ಜೆಸಿಬಿ ಡ್ರೈವರ್ ಬೇವಿನ ಮುಂದೆ ಇಂಜಿನ್ ಬಂದ್ ಮಾಡಿ ಕೆಳಗಿಳಿದನಂತೆ. “ನಾ ಮುಟ್ಟಂಗಿಲ್ರಿ, ಮನ್ಯಾಗ ಸಣ್ಣ ಕೂಸು ಅದ.” ಎರಡು ತಿಂಗಳು ಬೇವು ಹೊಸ ಜಲ್ಲಿಯ ನಡುವೆ ಒಂಟಿಯಾಗಿ ನಿಂತಿತ್ತು. ನಂಬಿಕೆ ಕಾನೂನಿಗಿಂತ ಗಟ್ಟಿ ಎಂದು ನಾನು ಸ್ಟಾಫ್ ರೂಮಿನಲ್ಲಿ ಭಾಷಣವನ್ನೂ ಬಿಗಿದೆ. ಆಮೇಲೆ ಹಿರಿಯರು ಕೂಡಿ ಒಂದು ಹಾದಿ ಹುಡುಕಿದರು. ಇಪ್ಪತ್ತು ಹೆಜ್ಜೆ ಹಿಂದಕ್ಕೆ ಸಿಮೆಂಟಿನ ಗುಡಿ. ಒಳಗೆ ಬಿಳಿ ಟೈಲ್ಸ್, ಮುಂದೆ ಕಬ್ಬಿಣದ ಗೇಟು. ಚಂದಾ ಪಟ್ಟಿ ಬಸ್ಸಿಗೂ ಬಂತು. ಮಂಗಳವಾರ ಮರಗಮ್ಮನನ್ನು ಡೊಳ್ಳು ಬಾರಿಸಿಕೊಂಡು ಗುಡಿಯೊಳಗೆ ಕೂಡಿಸಿದರು, ಊರಿಗೆಲ್ಲ ಹೋಳಿಗೆ ಊಟ. ಗುರುವಾರ ಸಂಜೆ ಬರುವಷ್ಟರಲ್ಲಿ ಬೇವು ನೆಲಕ್ಕೆ ಬಿದ್ದಿತ್ತು. ಯಾರೂ ತಕರಾರು ತೆಗೆಯಲಿಲ್ಲ. ತೆಗೆಯಲು ಏನಿತ್ತು? ದೇವರು ಆಚೆ ಹೋಗಿಯಾಗಿತ್ತು. ಉಳಿದದ್ದು ಕಟ್ಟಿಗೆ.

ಆ ಚಂದಾ ಪಟ್ಟಿಯಲ್ಲಿ ನನ್ನದೂ 101 ರೂಪಾಯಿ ಇದೆ.

ಅಂದಿನಿಂದ ‘ಪವಿತ್ರ ವೃಕ್ಷ’ ಎಂಬ ಮಾತಿನ ಮೇಲೆ ನನಗೆ ಅನುಮಾನ. ದೇವರಿದ್ದಾನೆಂದು ಮರ ಉಳಿಯುತ್ತದೆ, ನಿಜ. ಆದರೆ ದೇವರನ್ನು ಎತ್ತಿಡಬಹುದು. ಗಿಡದ ಬುಡದಲ್ಲಿ ಮೂರು ಕಲ್ಲು ಇರುವವರೆಗೆ ಗಿಡಕ್ಕೆ ಮರ್ಯಾದೆ; ಊರಿಗೆ ದುಡ್ಡು ಬಂದು ಗುಡಿ ಎದ್ದ ದಿನ ಗಿಡ ಅನಾಥ. ಕಡಿಯದೆ ಬಿಟ್ಟಲ್ಲಿಯೂ ಸುತ್ತ ಕಟ್ಟೆ ಕಟ್ಟಿ, ಕಾಂಡದ ತನಕ ಟೈಲ್ಸ್ ಮೆತ್ತಿ, ಬೇರಿಗೆ ಒಂದು ಹನಿ ಇಳಿಯದ ಹಾಗೆ ಮಾಡುತ್ತೇವೆ. ಅದೂ ಭಕ್ತಿಯ ಲೆಕ್ಕಕ್ಕೇ ಜಮಾ.

ಇದನ್ನು ಬಸವಕಲ್ಯಾಣದಲ್ಲಿ ಕೂತು ಬರೆಯುವುದು ಇನ್ನೊಂದು ಇಕ್ಕಟ್ಟು. ನಾನು ಲಿಂಗ ಕಟ್ಟಿದವಳು. ಕಂಡ ಕಂಡ ಕಲ್ಲಿಗೆ, ಗಿಡಕ್ಕೆ, ಬಾವಿಗೆ ದೇವರೆಂದು ಅಡ್ಡ ಬೀಳುವವರನ್ನು 12ನೇ ಶತಮಾನದಲ್ಲಿ ಶರಣರು ನೇರವಾಗಿ ಗದರಿಸಿದ್ದು ಇದೇ ಊರಿನಲ್ಲಿ. ಆ ವಚನಗಳನ್ನು ನಾನೇ ತರಗತಿಯಲ್ಲಿ ಪಾಠ ಮಾಡುತ್ತೇನೆ. ಮನೆಗೆ ಬಂದರೆ, ಕಾರಹುಣ್ಣಿಮೆಗೆ ಆಲದ ಗಿಡಕ್ಕೆ ನೂಲು ಸುತ್ತುತ್ತಿದ್ದ ನಮ್ಮ ಆಯಿಯ ನೆನಪು. ಅವಳಿಗೆ ವಚನಗಳೂ ಬಾಯಿಗೆ ಬರುತ್ತಿದ್ದವು, ನೂಲೂ ಬಿಡಲಿಲ್ಲ. ಕೇಳಿದರೆ ಮುತ್ಯಾ ನಗುತ್ತಿದ್ದ, ಆಯಿ ಬೈಯುತ್ತಿದ್ದಳು.

ಶರಣರು ಬೇಡವೆಂದದ್ದು ಮರದಲ್ಲಿ ದೇವರನ್ನು ಹುಡುಕುವುದನ್ನು. ಮರವನ್ನು ಬೇಡವೆನ್ನಲಿಲ್ಲ. ಅಕ್ಕಮಹಾದೇವಿ ಕಲ್ಯಾಣ ಬಿಟ್ಟು ಹೋದದ್ದು ಶ್ರೀಶೈಲದ ಕದಳಿಗೆ; ಹಾದಿಯಲ್ಲಿ ಗಿಳಿ, ಕೋಗಿಲೆ, ನವಿಲುಗಳನ್ನು ಮಾತಾಡಿಸಿದವಳು ಅವಳು. ಎಲ್ಫ್‌ಗಳ ಕಾಡಿನಂಥ, ಅರ್ಧ ನೆಲ ಅರ್ಧ ಕನಸಾದ ತಾಣ ಕನ್ನಡಕ್ಕೆ ಇದ್ದರೆ ಅದು ಕದಳಿಯೇ. ಕಲ್ಯಾಣದಲ್ಲಿ ಕ್ರಾಂತಿಯಾಗಿ ದಿಕ್ಕು ತಪ್ಪಿದ ಶರಣರ ಜತೆ ಚನ್ನಬಸವಣ್ಣ ಹೊರಟು ಸೇರಿದ್ದೂ ಕಾಡನ್ನೇ, ಉತ್ತರ ಕನ್ನಡದ ಉಳವಿಯನ್ನು. ಊರು ಕೈಬಿಟ್ಟವರಿಗೆ ಕಾಡು ಜಾಗ ಕೊಟ್ಟಿತ್ತು. ಈಗ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. 770 ಅಮರಗಣಂಗಳ ನೆನಪಿಗೆ 770 ಕಂಬ ಎಂಬುದು ನಮ್ಮ ಶಾಲೆಯ ಮಕ್ಕಳಿಗೂ ಬಾಯಿಪಾಠ. ಊರಲ್ಲಿ ಹಳೆಯ ಗಿಡ ಎಷ್ಟಿವೆ ಎಂದು ಕೇಳಿದರೆ ಮೇಷ್ಟರೂ ಬಾಯಿ ಬಿಡುವುದಿಲ್ಲ.

ಇದೇ ಗುಂಗಿನಲ್ಲಿ ಒಂದು ದಿನ ಮಕ್ಕಳನ್ನು ಕರಕೊಂಡು ಹುಮನಾಬಾದ್ ತಾಲೂಕಿನ ಜಲಸಂಗ್ವಿಗೆ ಹೋದೆ. ಚಾಲುಕ್ಯರ ಕಾಲದ ಕಲ್ಮೇಶ್ವರ ಗುಡಿ. ಹೊರಗೋಡೆಯ ಸುತ್ತ ಶಿಲಾಬಾಲಿಕೆಯರು. ಅವರಲ್ಲಿ ಒಬ್ಬಳು ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತ ನಿಂತಿದ್ದಾಳೆ. ಹಲ್ಮಿಡಿಯಿಂದ ಹಂಪಿಯವರೆಗೆ ಕಲ್ಲಲ್ಲಿ ಬರೆಸಿದವರ ಹೆಸರು ಓದುತ್ತೇವೆ, ಬರೆಯುವ ಹೆಣ್ಣನ್ನು ನೋಡಬೇಕಾದರೆ ಇಲ್ಲಿಗೇ ಬರಬೇಕು ಎಂದು ನಾನು ಹೇಳುತ್ತಿದ್ದರೆ, ನಾಲ್ಕು ಪುಟದ ಹುಡುಗಿ ಮೇಲೆ ನೋಡುತ್ತ ನಿಂತಿದ್ದಳು. ತೆಳ್ಳಗೆ, ಉದ್ದಕ್ಕೆ, ಬಳ್ಳಿಯ ಹಾಗೆ ಬಾಗಿದ ಮೈ. “ಮಿಸ್, ಇವ್ರು ಎಲ್ಫ್ ಥರಾನೇ ಅದಾರ್ರಿ.”

ನಾನು ನಕ್ಕೆ. ಆಮೇಲೆ ನಗು ನಿಂತಿತು. ಇಂಥ ವಿಗ್ರಹಗಳಿಗೆ ಹಳೆಯ ಹೆಸರು ಶಾಲಭಂಜಿಕೆ, ಶಾಲ ಮರದ ಕೊಂಬೆ ಹಿಡಿದು ಮುರಿಯುವ ಹೆಣ್ಣು ಎಂದು ಅರ್ಥ. ಹೆಣ್ಣು ತಾಗಿದರೆ ಮರ ಹೂ ಬಿಡುತ್ತದೆ ಎಂಬ ಕವಿಸಮಯವೂ ಅದರ ಬೆನ್ನಿಗಿದೆ. ಮಜಾ ಏನೆಂದರೆ, ಶಾಲ ನಮ್ಮ ಬೀದರ ನೆಲದ ಮರವೇ ಅಲ್ಲ. ಅದು ಹಿಮಾಲಯದ ತಪ್ಪಲು, ಬಿಹಾರ, ಒಡಿಶಾ, ಮಧ್ಯ ಭಾರತದ ಕಾಡುಗಳದ್ದು. ಹೆಸರನ್ನು ದೂರದ ಕಾಡೊಂದು ಕೊಟ್ಟಿತು, ಮೈಯನ್ನು ಇಲ್ಲಿಯ ಶಿಲ್ಪಿ ಕೊಟ್ಟ. ದೂರದ ಕಾಡಿನ ಕನಸು ಕಾಣುವುದು ಮೊಬೈಲ್ ಬಂದ ಮೇಲೆ ಹುಟ್ಟಿದ ರೋಗವೇನಲ್ಲ. ಮಕ್ಕಳು ಎಲ್ಫ್ ಎಂದಾಗ ಹಣೆ ಚಚ್ಚಿಕೊಳ್ಳುವ ನನ್ನ ಸಹೋದ್ಯೋಗಿಗಳಿಗೆ ಈ ಗುಡಿಯನ್ನು ತೋರಿಸಬೇಕು.

ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳು ಹೇಳಿದ್ದು ಬೇರೆ. “ಅವ್ವಾ, ಆ ಹುಡುಗಿ ಸಿನಿಮಾ ನೋಡ್ಯಾಳ, ಪುಸ್ತಕದ ಕೊನಿಗೆ ಬರೋ ಒಂದು ಭಾಗ ಸಿನಿಮಾದಾಗ ಇಲ್ಲ.” ಪುಸ್ತಕದಲ್ಲಿ, ಯುದ್ಧ ಗೆದ್ದು ಊರಿಗೆ ಮರಳಿದ ಸ್ಯಾಮ್ ಎಂಬ ತೋಟಗಾರನಿಗೆ ಊರ ಬಯಲಿನ ಹಬ್ಬದ ಮರ ಕಾಣುವುದಿಲ್ಲ, ಅವನು ಊರಲ್ಲಿ ಇಲ್ಲದಾಗ ಕಡಿದು ಉರುಳಿಸಿರುತ್ತಾರೆ. ದಾರಿಯುದ್ದಕ್ಕೂ ಏನೆಲ್ಲ ಘೋರ ಕಂಡ ಮನುಷ್ಯ ಅಲ್ಲಿ ಗೊಳೋ ಎಂದು ಅಳುತ್ತಾನೆ. ಎಲ್ಫ್‌ಗಳ ಒಡತಿ ಕೊಟ್ಟ ಡಬ್ಬಿಯಲ್ಲಿ ಹಿಡಿ ಮಣ್ಣು, ಒಂದು ಬೀಜ ಇರುತ್ತದೆ. ಬೀಜವನ್ನು ಕಡಿದ ಮರದ ಜಾಗದಲ್ಲೇ ಊರುತ್ತಾನೆ. ಅಲ್ಲಿಗೆ ಎಲ್ಫ್‌ಗಳು ಆ ಲೋಕ ಬಿಟ್ಟು ಹಡಗು ಹತ್ತುವ ಕಾಲ. ಅವರ ಬಂಗಾರದ ಕಾಡಿನದೆಂದು ಆ ಊರಿನಲ್ಲಿ ಉಳಿಯುವುದು ಈ ಒಂದು ಮರ.

ನನ್ನ ಕಣ್ಣಿಗೆ ಕಟ್ಟಿದ್ದು ಬಂಗಾರದ ಎಲೆಯಲ್ಲ. ಕತೆಯ ಶುರುವಿನಲ್ಲಿ ಹುಟ್ಟುಹಬ್ಬದ ಊಟಕ್ಕೆ ಚಪ್ಪರ ಹಾಕಿದ ಬರೀ ಒಂದು ಊರ ಮರ.

ಊಟ ಎಂದಾಗ ಹೊಳೆಯಿತು. ಎಳ್ಳ ಅಮಾವಾಸ್ಯೆ ಮುಗಿದು ಎರಡು ದಿನವಾಗಿತ್ತು. ಗೊತ್ತಿಲ್ಲದವರಿಗೆ ಹೇಳಬೇಕು: ಆ ದಿನ ಬೀದರ ಜಿಲ್ಲೆಯ ಊರುಗಳು ಖಾಲಿ. ಎಲ್ಲರೂ ಹೊಲದಲ್ಲಿ. ಜೋಳದ ಕಣಿಕೆಯ ಕೊಂಪಿ ಹಾಕಿ, ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿ, ಗಿಡದ ಕೆಳಗೆ ಕೂತು ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ತಿಂದು, ಗಡಿಗೆಯಿಂದ ಅಂಬಲಿ ಕುಡಿಯುವುದು. ನಮ್ಮ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹತ್ತಾರು ಕಾಳು, ಪಲ್ಯೆ ಕೂಡಿಸಿ ಹುಳಿ ಹಿಂಡಿ ಕುದಿಸಿದ್ದು. ತರಗತಿಗೆ ಹೋಗಿ ಪ್ರಶ್ನೆ ಬದಲಿಸಿದೆ. “ಮೊನ್ನೆ ಭಜ್ಜಿ ಯಾವ ಗಿಡದ ಕೆಳಗ ಕೂತು ಉಂಡ್ರಿ?”

ಒಂದೂ ಕೈ ಕೆಳಗಿರಲಿಲ್ಲ. ಮುತ್ಯಾನ ಮಾವು. ಹುತ್ತದ ಬನ್ನಿ. ಪೀರಸಾಬನ ಬೇವು. ಬಾವಿ ಮ್ಯಾಲಿನ ಅತ್ತಿ, ಅದರ ಕೆಳಗೆ ದತ್ತನ ಪಾದುಕೆ. ಮಾಣಿಕಪ್ರಭುಗಳ ಮಾಣಿಕನಗರ ಪಕ್ಕದಲ್ಲೇ ಇರುವಾಗ ಔದುಂಬರವೆನ್ನುವ ಈ ಅತ್ತಿಗೆ ಇಲ್ಲಿ ಗುರುವಿನ ಮರ್ಯಾದೆ. ದೆವ್ವದ ಹುಣಸೆ ಎರಡು ಬೇರೆ ಬೇರೆ ಊರಲ್ಲಿದ್ದವು, ಯಾವುದು ಅಸಲಿ ಎಂದು ಜಗಳ ಬಿತ್ತು. ಮರಾಠಿ ಮನೆಯ ಹುಡುಗ ದಸರೆಗೆ ಬಂಗಾರವೆಂದು ಹಂಚುವ ಎಲೆ ಬನ್ನಿಯದಲ್ಲ, ಆಪಟೆಯದು ಎಂದು ಹಟ ಹಿಡಿದ. ನಾವು ಬನ್ನಿ ಕೊಡುತ್ತೇವೆ, ಅವರು ಆಪಟಾ. ಇಬ್ಬರೂ ಬಂಗಾರದ ಹಾಗೆ ಇರೋಣ ಎನ್ನುತ್ತೇವೆ. ‘ಬರೀ ಬೇವು’ ಎಂದಿದ್ದ ಹುಡುಗಿಯ ಬೇವಿಗೂ ಹೆಸರಿತ್ತು: ಸೂಲಗಿತ್ತಿ ಬೇವು. ಏಕೆ ಎಂದು ಅವಳಿಗೆ ಗೊತ್ತಿರಲಿಲ್ಲ, ಅಜ್ಜಿಯನ್ನು ಕೇಳಿ ಬಂದಳು. ಬಾಣಂತಿಗೆ ಸ್ನಾನದ ನೀರಿಗೆ ಎಲೆ ಒಯ್ಯುವುದು ಆ ಗಿಡದಿಂದಲೇ ಅಂತೆ.

ನನ್ನ ಮಾತು ಇಷ್ಟೇ: ದೇವರ ಮರಗಳನ್ನು ಉಳಿಸಿ ಎಂಬ ಕೂಗು ಸಾಲದು, ಹೆಸರಿನ ಮರಗಳ ಪಟ್ಟಿ ಆಗಬೇಕು. ಮರಗಮ್ಮನನ್ನು ಇಪ್ಪತ್ತು ಹೆಜ್ಜೆ ಆಚೆ ಇಡಬಹುದು, ಸೂಲಗಿತ್ತಿ ಬೇವನ್ನು ಇಡಲು ಬರುವುದಿಲ್ಲ. ಆ ಹೆಸರು ಕಾಂಡಕ್ಕೇ ಅಂಟಿದೆ. ಅದು ಯಾವ ಜಾತಿಯದ್ದೂ ಅಲ್ಲ, ಯಾವ ಧರ್ಮದ್ದೂ ಅಲ್ಲ, ಶರಣರೂ ಬೇಡವೆನ್ನಲಾರರು. ಸರಕಾರ ‘ದೈವೀವನ’ ಎಂದು ರಾಶಿಗೊಂದು, ನಕ್ಷತ್ರಕ್ಕೊಂದು ಸಸಿ ನೆಡುತ್ತದೆ. ನೆಡಲಿ. ನನ್ನ ನಕ್ಷತ್ರದ ಗಿಡ ಯಾವುದೆಂದು ನನಗೆ ಇನ್ನೂ ಗೊತ್ತಿಲ್ಲ, ನಾನು ಉಂಡ ಗಿಡ ಗೊತ್ತು.

ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕೆನ್ನುತ್ತದೆ. ಐವತ್ತಕ್ಕಿಂತ ಹೆಚ್ಚು ಮರವಾದರೆ ಜನರ ಆಕ್ಷೇಪಣೆ ಕರೆಯಬೇಕು. ಕರೆದಾಗ ‘ಆ ಬೇವಿನ ಗಿಡ’ ಎಂದರೆ ಕಡತದಲ್ಲಿ ನಿಲ್ಲುವುದಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡಗಂಟೆಗಳ ದಾಖಲೆ ಬರೆದಿಡಬೇಕು. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು ಇದೇ ಕಾಯಿದೆಯಲ್ಲಿ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು, ದೇಶದಲ್ಲೇ ಮೊದಲನೆಯದು. ಅಲ್ಲಿಯದೂ ಬರೀ ಹುಣಸೆಯೇ.

ಕೊಡಗಿನ ಸಾವಿರಕ್ಕೂ ಮೀರಿದ ದೇವರಕಾಡುಗಳ ಜತೆ ನಾವು ಪೈಪೋಟಿ ಮಾಡಲಾರೆವು. ನಮ್ಮದು ಚದುರಿದ ಕಾಡು. ಹೊಲಕ್ಕೊಂದು, ಬಾವಿಗೊಂದು, ಫಾಟಾಕ್ಕೊಂದು ಎಂದು ನಿಂತ ಗಿಡಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಾಗಲೇ ಅದು ಕಾಡೆಂದು ತಿಳಿಯುವುದು. ಮಕ್ಕಳು ಬರೆದರು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಗಿಡ: ಹೆಸರು, ಜಾತಿ, ಕಾಂಡದ ಸುತ್ತಳತೆ ಎಷ್ಟು ಮಾರು, ಹೆಸರು ಬಂದ ಕತೆ. ಕೊನೆಯ ಸಾಲಿನಲ್ಲಿ ಈಗ ಇಲ್ಲದ ಮರಗಮ್ಮನ ಬೇವನ್ನೂ ಸೇರಿಸಿ ಸುತ್ತಳತೆಯ ಜಾಗ ಖಾಲಿ ಬಿಟ್ಟಿದ್ದೇನೆ.

ನೋಟ್‌ಬುಕ್ ತೆಗೆದುಕೊಂಡು ಮೂವರು ಮಕ್ಕಳ ಜತೆ ಒಂದು ಪಂಚಾಯಿತಿ ಕಚೇರಿಗೆ ಹೋದೆ. ಅಲ್ಲಿದ್ದವರು ಚಹಾ ತರಿಸಿದರು, ಸೂಲಗಿತ್ತಿ ಬೇವಿನ ಕತೆ ಓದಿ ಖುಷಿಪಟ್ಟರು, ತಮ್ಮ ಹೊಲದ ಅತ್ತಿಯನ್ನೂ ಸೇರಿಸಿಕೊಳ್ಳಿ ಎಂದರು. ಆಮೇಲೆ ಕೇಳಿದರು: “ಎಲ್ಲಾ ಖರೇ ಅದ ಮೇಡಂ, ಪ್ರತಿ ಗಿಡದ ಸರ್ವೆ ನಂಬರ್ ಎಲ್ಲಿ?”

ಈಗ ಮಕ್ಕಳು ಮನೆಮನೆಗೆ ಹೋಗಿ ಪಹಣಿ ಕೇಳುತ್ತಿದ್ದಾರೆ. ಹನ್ನೊಂದು ಸಿಕ್ಕಿವೆ.