ನೆರೆಯ ಊರು: ಕೃಷ್ಣೆಯ ದಡದ ಖಿದ್ರಾಪುರ



ರಜೆ ಬಂತೆಂದರೆ ಪುಣೆಯ ನಾವೆಲ್ಲ ಸಾಂಗ್ಲಿ, ಮಿರಜ್ ದಾಟಿ ಊರ ಕಡೆ ಓಡುವವರೇ. ಆ ದಾರಿಯಿಂದ ತುಸು ಒಳಕ್ಕೆ, ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಕೃಷ್ಣಾ ನದಿಯ ತಿರುವಿನಲ್ಲಿ ಖಿದ್ರಾಪುರವೆಂಬ ಪುಟ್ಟ ಹಳ್ಳಿಯಿದೆ. ಎಷ್ಟೋ ವರ್ಷ ನೋಡದೆಯೇ ಮುಂದೆ ಸಾಗಿದ್ದ ನಾನು, ಈಚೆಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿಬಂದೆ.

ಊರಿನ ಹೆಮ್ಮೆ ಕೋಪೇಶ್ವರ ದೇವಾಲಯ. ಹನ್ನೆರಡನೆಯ ಶತಮಾನದಲ್ಲಿ ಕೊಲ್ಹಾಪುರದ ಶಿಲಾಹಾರರ ಕಾಲದಲ್ಲಿ ಬೆಳೆದದ್ದು. ಮುಂದಿನ ಸ್ವರ್ಗಮಂಟಪಕ್ಕೆ 48 ಕಂಬಗಳು; ಚಾವಣಿಯ ನಡುವೆ ಸುಮಾರು 13 ಅಡಿ ಅಗಲದ ದುಂಡನೆಯ ತೆರಪು. ಅದರ ಕೆಳಗೆ ಅಷ್ಟೇ ಅಗಲದ ಕಲ್ಲುಹಾಸಿನ ಮೇಲೆ ನಿಂತರೆ ತಲೆಯ ಮೇಲೆ ಬರೀ ಆಕಾಶ. ಹೊರಗೋಡೆಯ ಬುಡದಲ್ಲಿ ಗುಡಿಯನ್ನೇ ಹೊತ್ತು ನಿಂತಂತೆ ಆನೆಗಳ ಸಾಲು. ಹತ್ತಿರದಲ್ಲೇ ಹಳೆಯ ಜೈನ ಬಸದಿಯೂ ಇದೆ.

ಇಲ್ಲಿ ಶಿವನೆದುರು ನಂದಿಯಿಲ್ಲ! ದಕ್ಷನ ಯಜ್ಞಕ್ಕೆಂದು ಸತೀದೇವಿ ನಂದಿಯನ್ನೇರಿ ತವರಿಗೆ ಹೋದಳಂತೆ. ಆ ತವರು ಚಿಕ್ಕೋಡಿ ತಾಲೂಕಿನ ಯಡೂರು ಎಂಬುದು ಸ್ಥಳಪುರಾಣ. ಆಕೆ ಹಿಂದಿರುಗಲಿಲ್ಲ, ನಂದಿಯೂ ಅಲ್ಲೇ ಉಳಿಯಿತು. ಕೋಪಗೊಂಡ ಶಿವನನ್ನು ಸಮಾಧಾನಪಡಿಸಿದ ವಿಷ್ಣು ಧೋಪೇಶ್ವರನೆಂಬ ಲಿಂಗರೂಪದಲ್ಲಿ ಪಕ್ಕದಲ್ಲೇ ನೆಲೆಸಿದ್ದಾನೆ. ಹೀಗೆ ದೇವರು ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ! ಗಡಿ ಎಂಬುದು 1956ರ ರಾಜ್ಯ ಪುನರ್ವಿಂಗಡಣೆಯ ಗೆರೆ. ಅದಕ್ಕೆ ಮುನ್ನ ಎರಡೂ ಕಡೆ ಮುಂಬಯಿ ರಾಜ್ಯದಲ್ಲೇ ಇದ್ದವು.

ಚೋಳ ರಾಜಾಧಿರಾಜನು ಚಾಲುಕ್ಯರೊಡನೆ ಕಾದಾಡಿ ಮಡಿದ 1054ರ ಕೊಪ್ಪಂ ಯುದ್ಧ ಇಲ್ಲೇ ನಡೆಯಿತೆಂದು ಕೆಲವು ವಿದ್ವಾಂಸರ ಮತ. ಕೊಪ್ಪಳದಲ್ಲಿ ಎನ್ನುವವರೂ ಇದ್ದಾರೆ. ಕಲ್ಲಿನ ಸಾಕ್ಷಿ ಬೇಕೆಂದರೆ, ದಕ್ಷಿಣ ದ್ವಾರದ ಬಳಿ ಯಾದವ ಸಿಂಘಣನು 1213–14ರಲ್ಲಿ ದೇವರಿಗೆ ಗ್ರಾಮದಾನ ಮಾಡಿದ ಶಾಸನವಿದೆ. ಅದು ಸಂಸ್ಕೃತದಲ್ಲಿ, ದೇವನಾಗರಿ ಲಿಪಿಯಲ್ಲಿದೆ. ಗುಡಿಯ ಉಳಿದ ಹಳೆಯ ಶಾಸನಗಳು ಹೆಚ್ಚಾಗಿ ಕನ್ನಡದವು.

ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ಸಿಂಘಣನ ಕಲ್ಲಿನ ಅಕ್ಷರಗಳನ್ನು ಒಂದೊಂದಾಗಿ ಗುರುತಿಸಿದಳು. ಆಮೇಲೆ ಕನ್ನಡ ಶಾಸನದ ಮುಂದೆ ನಿಂತು, "ಅಜ್ಜಾ, ಇದು ನಮ್ಮದಲ್ಲವೇ? ಓದು" ಎಂದಳು. ಊರಿನ ಹಿರಿಯರೊಬ್ಬರೂ ಮರಾಠಿಯಲ್ಲಿ, "ನೀವು ಕನ್ನಡದವರು, ನಮಗೂ ಓದಿ ಹೇಳಿ" ಎಂದರು. ನಾಲ್ಕಾರು ಅಕ್ಷರ ಗುರುತಿಸಿ ಸುಮ್ಮನಾದೆ. ಅವಳಿಗೆ ಇಂದಿನ ಕನ್ನಡ ಓದಲು ಬಾರದು, ನನಗೆ ಅಂದಿನ ಕನ್ನಡ! ಮಗುವನ್ನು ಬೈಯುವ ಹಕ್ಕು ನನಗೆಲ್ಲಿ?

ಕೃಷ್ಣೆ ಈ ಸೀಮೆಯನ್ನು 2005, 2019, 2021ರ ಮಹಾಪೂರಗಳಲ್ಲಿ ಕಂಗೆಡಿಸಿದಳು. ಕಲ್ಲು ಅದನ್ನೂ ತಾಳಿಕೊಂಡಿದೆ. ಓದುವವರಿಲ್ಲದ ಅಕ್ಷರ ಮಾತ್ರ ನೆರೆ ಬಾರದೆಯೂ ಅಳಿಯುತ್ತದೆ.

ಮುಂದಿನ ರಜೆಯಲ್ಲಿ ತಾವೂ ಅರ್ಧ ದಿನ ಅಲ್ಲಿ ಇಳಿಯಿರಿ, ಮಕ್ಕಳನ್ನು ಕರೆದೊಯ್ಯಿರಿ. ಮನೆಯಲ್ಲಿ ಈಗ ದಿನಕ್ಕೆ ಐದು ಅಕ್ಷರದಂತೆ ಪಾಠ ನಡೆದಿದೆ: ಅವಳು ಹೊಸಗನ್ನಡ, ನಾನು ಹಳೆಯ ಲಿಪಿ. ಯಾರು ಮೊದಲು ಮುಗಿಸುತ್ತೇವೋ ನೋಡೋಣ!