ತಂತಿ ಅಗ್ಗವೆಂಬ ಅರ್ಧ ಲೆಕ್ಕ

ಗೋವಿನಕೋವಿಯ ಕೂಲಿಕಾರನೊಬ್ಬ ಬೈಕಿನಿಂದ ಬಿದ್ದು ಕೆಳದವಡೆ ಮುರಿದುಕೊಂಡನೆನ್ನಿ. ದಾವಣಗೆರೆಯ ದಂತ ಆಸ್ಪತ್ರೆಯಲ್ಲಿ ಅವನ ಮುಂದಿರುವುದು ಮುಖ್ಯವಾಗಿ ಎರಡು ಮಾರ್ಗ. ಒಂದು, ಮೇಲಿನ ಹಾಗೂ ಕೆಳಗಿನ ಹಲ್ಲುಸಾಲುಗಳನ್ನು 4ರಿಂದ 6 ವಾರ ತಂತಿಯಿಂದ ಬಿಗಿದಿಡುವುದು. ಇನ್ನೊಂದು, 1970ರ ದಶಕದಲ್ಲಿ ಫ್ರಾನ್ಸಿನ ಮಿಶೆಲೆ, ಶಾಂಪಿ ರೂಢಿಗೆ ತಂದ ಪುಟ್ಟ ಲೋಹದ ಪ್ಲೇಟುಗಳನ್ನು ಸ್ಕ್ರೂ ಹಾಕಿ ಮೂಳೆಗೇ ಕೂಡಿಸುವುದು. ಪ್ಲೇಟಿನಿಂದ ಬಾಯಿ ಬೇಗ ತೆರೆಯುತ್ತದೆ. ಆದರೆ ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು, ವೆಚ್ಚವೂ ಹೆಚ್ಚು.

ತಂತಿ ಅಗ್ಗವೆನ್ನುವ ಲೆಕ್ಕದಲ್ಲಿ ವಾರಗಟ್ಟಲೆ ಗಂಜಿ ಕುಡಿದು ಸೊರಗುವ ದೇಹ, ತಪ್ಪಿದ ಕೂಲಿ, ಮತ್ತೆ ಮತ್ತೆ ಮಾಡುವ ಬಸ್ ಪ್ರಯಾಣ ಸೇರುವುದೇ ಇಲ್ಲ. ಸರಳ ಮುರಿತಕ್ಕೆ ತಂತಿಯೇ ಸಾಕು, ನಿಜ. ಆದರೆ ಆಯ್ಕೆಯನ್ನು ಮುರಿತದ ಸ್ವರೂಪ ನಿರ್ಧರಿಸಬೇಕೇ ಹೊರತು ರೋಗಿಯ ಜೇಬಲ್ಲ. ಆ ಅಂತರವನ್ನು ತುಂಬುವುದು ಸರ್ಕಾರದ ಹೊಣೆಯೆಂದೇ ನನ್ನ ನಂಬಿಕೆ.